ಬೋರಿನ ಇಂಚು, ತೋಟದ ಎಕರೆ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಬಯಲಿನಲ್ಲಿ ಹೊಸದಾಗಿ ತೋಟ ಮಾಡುವವರ ಕ್ರಮ ಹೆಚ್ಚುಕಡಿಮೆ ಒಂದೇ. ಮೊದಲು ಎಷ್ಟು ಎಕರೆ ಎಂಬ ತೀರ್ಮಾನ, ಆಮೇಲೆ ಸಸಿಗೆ ಮುಂಗಡ, ಅದರ ಹಿಂದೆಯೇ ಪಾಯಿಂಟ್ ನೋಡಿಸಿ ಬೋರ್, ಬೋರಿನ ಬೆನ್ನಿಗೆ ಸಬ್ಸಿಡಿಯ ಡ್ರಿಪ್. ನೀರು ಸಾಕಾದೀತೇ ಎಂಬ ಲೆಕ್ಕ ಶುರುವಾಗುವುದು ಮೂರನೆಯದೋ ನಾಲ್ಕನೆಯದೋ ಬೇಸಿಗೆಯಲ್ಲಿ, ಗಿಡ ಎದೆಯೆತ್ತರ ಬೆಳೆದು ಗರಿ ಜೋತುಬಿದ್ದಾಗ. ಆಗ ಉಳಿಯುವ ದಾರಿ ಎರಡೇ: ಇನ್ನೊಂದು ಬೋರ್, ಇಲ್ಲವೇ ಟ್ಯಾಂಕರ್. ಎರಡೂ ಸಾಲದ ದಾರಿಗಳು. ಈ ಕ್ರಮವನ್ನು ತಿರುವುಮುರುವು ಮಾಡದೆ ಬೇರೆ ಏನು ಮಾಡಿದರೂ ನೀರು ಉಳಿಯುವುದಿಲ್ಲ ಎಂಬುದು ಈ ಲೇಖನದ ವಾದ. ಮೊದಲು ನೀರನ್ನು ಅಳೆಯಬೇಕು, ಆ ನೀರಿಗೆ ಎಷ್ಟು ಎಕರೆ ಎಂದು ಆಮೇಲೆ ತೀರ್ಮಾನಿಸಬೇಕು. ಡ್ರಿಪ್, ಕೃಷಿ ಹೊಂಡ, ಮುಚ್ಚಿಗೆಗಳ ಸರದಿ ಅದಾದ ಮೇಲೆ. ನಮ್ಮ ಸಲಹೆಗಳೆಲ್ಲ ಈಗ ಡ್ರಿಪ್‌ನಿಂದ ಶುರುವಾಗಿ ಡ್ರಿಪ್‌ನಲ್ಲೇ ಮುಗಿಯುತ್ತಿರುವುದರಿಂದ, ಮೊದಲಿನ ಎರಡು ಹೆಜ್ಜೆಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಿದೆ.

ಅಳತೆಯಲ್ಲೇ ಒಂದು ದೊಡ್ಡ ತೊಡಕಿದೆ. ಬೋರ್ ಕೊರೆದ ದಿನ ಹರಿಯುವ ನೀರಿಗೆ ಅಡ್ಡಲಾಗಿ ತಗಡಿನ ವಿ-ಆಕಾರದ ಕಚ್ಚು ನಿಲ್ಲಿಸಿ, ಅದರಲ್ಲಿ ನೀರು ಎಷ್ಟು ಎತ್ತರಕ್ಕೆ ನಿಂತಿದೆ ಎಂದು ನೋಡಿ ಎರಡಿಂಚು, ಮೂರಿಂಚು ಎನ್ನುತ್ತಾರೆ. ಕೇಳುವವರಿಗೆ ಮೂರಿಂಚು ಎಂದರೆ ಎರಡಿಂಚಿನ ಒಂದೂವರೆ ಪಟ್ಟು ಅನ್ನಿಸುತ್ತದೆ. ಕಚ್ಚಿನ ಲೆಕ್ಕ ಹಾಗಿಲ್ಲ. ನೀರಿನ ಮಟ್ಟ ಏರಿದಂತೆ ಕಚ್ಚು ಅಗಲವೂ ಆಗುತ್ತದೆ, ವೇಗವೂ ಹೆಚ್ಚುತ್ತದೆ. 90 ಡಿಗ್ರಿ ಕಚ್ಚಿನಲ್ಲಿ ಒಂದಿಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್, ಎರಡಿಂಚು ಎಂದರೆ 2,900, ಮೂರಿಂಚು ಎಂದರೆ ಹತ್ತಿರ ಹತ್ತಿರ 8,000, ನಾಲ್ಕಿಂಚಿಗೆ 16,000 ದಾಟುತ್ತದೆ. ಇದನ್ನು ಹಿಂದುಮುಂದಾಗಿ ಓದಿದರೆ ಗಾಬರಿಯಾಗಬೇಕು. ‘ಮೂರಿಂಚು ಇತ್ತು, ಈಗ ಒಂದಿಂಚು ಕಮ್ಮಿಯಾಗಿದೆ ಅಷ್ಟೇ’ ಎನ್ನುವವರ ಬೋರಿನಲ್ಲಿ ಮೂರರಲ್ಲಿ ಎರಡು ಪಾಲು ನೀರು ಹೋಗಿಯಾಗಿದೆ. ಇದರ ಮೇಲೆ, ಹೊರಗೆ ಬಿದ್ದ ಪೈಪಿನ ಅಗಲವನ್ನೇ ಇಂಚು ಎಂದು ಎಣಿಸುವವರೂ ಇದ್ದಾರೆ. ಆ ಇಂಚಿಗೂ ಈ ಇಂಚಿಗೂ ಸಂಬಂಧವಿಲ್ಲ. ಕೊರೆದ ದಿನ ಕಂಪ್ರೆಸರ್ ಗಾಳಿಗೆ ಎದ್ದು ಬರುವ ನೀರಂತೂ ಬಂಡೆಯ ಸಂದುಗಳಲ್ಲಿ ಅದುವರೆಗೆ ಕೂಡಿಕೊಂಡಿದ್ದದ್ದು; ದಿನವೂ ಅಷ್ಟೇ ಬರುತ್ತದೆಂಬ ಭರವಸೆಯನ್ನು ಯಾವ ರಿಗ್ಗಿನವರೂ ಕೊಡಲಾರರು.

ಆದ್ದರಿಂದ ಇಂಚನ್ನು ಮರೆತು ಲೀಟರಿಗೆ ಬರುವುದು ಒಳ್ಳೆಯದು. ಅದಕ್ಕೆ ಬೇಕಾದದ್ದು 200 ಲೀಟರಿನ ಒಂದು ಡ್ರಮ್ಮು ಮತ್ತು ಮೊಬೈಲಿನ ಗಡಿಯಾರ. ಅಳೆಯಬೇಕಾದದ್ದು ಮಳೆ ಮುಗಿದ ಅಕ್ಟೋಬರಿನಲ್ಲಿ ಅಲ್ಲ, ಏಪ್ರಿಲ್ ಕೊನೆಯಲ್ಲಿ. ಅದೂ ಮೋಟರ್ ಹಾಕಿದ ಕೂಡಲೇ ಅಲ್ಲ, ಎರಡು ಗಂಟೆ ಓಡಿದ ಮೇಲೆ. ಡ್ರಮ್ಮು ನಾಲ್ಕು ನಿಮಿಷಕ್ಕೆ ತುಂಬಿದರೆ ಗಂಟೆಗೆ 3,000 ಲೀಟರ್, ಎಂದರೆ ಊರ ಮಾತಿನ ಎರಡಿಂಚು. ಪಂಪ್‌ಸೆಟ್‌ಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಎಂಬುದು ಕಾಗದದ ಮಾತು. ವೋಲ್ಟೇಜು, ಕಡಿತ, ಬೋರಿಗೆ ಕೊಡಬೇಕಾದ ಬಿಡುವು ಎಲ್ಲ ಕಳೆದು 5 ಗಂಟೆ ಹಿಡಿಯುವುದು ಜಾಣತನ. ಅಲ್ಲಿಗೆ 15,000 ಲೀಟರ್. ಮನೆ, ದನ, ಸೋರಿಕೆಗೆಂದು ಐದರಲ್ಲೊಂದು ಪಾಲು ತೆಗೆದಿಟ್ಟರೆ ತೋಟಕ್ಕೆ ಸಿಗುವುದು 12,000. ಅಡಿಕೆಗೆ ಡ್ರಿಪ್‌ನಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಎಂಬುದು ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. ಬಯಲಿನ ಬಿಸಿಲಿಗೆ 20ನ್ನೇ ಹಿಡಿಯೋಣ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 550 ಮರ. ದಿನಕ್ಕೆ 11,000 ಲೀಟರ್. ಏಪ್ರಿಲ್‌ನಲ್ಲೂ ಎರಡಿಂಚು ಬರುವ, ಊರೆಲ್ಲ ‘ಒಳ್ಳೇ ಬೋರು’ ಎನ್ನುವ ಬೋರಿನ ತಾಕತ್ತು ಒಂದೇ ಒಂದು ಎಕರೆ ಅಡಿಕೆ. ಅಂಥ ಬೋರನ್ನು ನಂಬಿ ಮೂರು ಎಕರೆಗೆ ಸಸಿ ಇಟ್ಟವರ ಕಷ್ಟ ಬರಗಾಲದಿಂದ ಬಂದದ್ದಲ್ಲ, ಸಸಿ ಇಟ್ಟ ದಿನವೇ ಬಂದದ್ದು.

ಇಷ್ಟು ನೋಡಿಕೊಂಡರೆ ತೋಟ ಉಳಿಯುತ್ತದೆ, ಆದರೆ ನೆಲದಡಿಯ ನೀರು ಉಳಿಯುತ್ತದೆಂದು ಹೇಳಲಾಗದು. ಬೋರು ಎಷ್ಟು ಕೊಡುತ್ತದೆ ಎನ್ನುವುದು ಒಂದು ಪ್ರಶ್ನೆ, ಭೂಮಿಗೆ ಎಷ್ಟು ಇಳಿಯುತ್ತದೆ ಎನ್ನುವುದು ಇನ್ನೊಂದು. ಎಕರೆ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 4,047 ಲೀಟರ್. ಕೋಲಾರದ ಕಡೆ ವರ್ಷಕ್ಕೆ 700 ಮಿ.ಮೀ. ಮಳೆ ಎಂದುಕೊಂಡರೆ ಎಕರೆಗೆ 28 ಲಕ್ಷ ಲೀಟರ್. ನಮ್ಮದು ಗ್ರಾನೈಟ್, ನೈಸ್ ಶಿಲೆಗಳ ನಾಡು. ಇಲ್ಲಿ ಬಿದ್ದ ಮಳೆಯಲ್ಲಿ ಅಂತರ್ಜಲಕ್ಕೆ ಸೇರುವುದು ಸುಮಾರು ಹತ್ತರಲ್ಲೊಂದು ಪಾಲು. ಜೇಡಿ ಹೆಚ್ಚಿದ್ದರೆ ಅದಕ್ಕಿಂತ ಕಡಿಮೆ. ಉಳಿದದ್ದು ಬಿಸಿಲಿಗೆ, ಬೆಳೆಗೆ, ಹಳ್ಳಕ್ಕೆ. ಎಂದರೆ ಎಕರೆಯೊಂದರಲ್ಲಿ ಇಂಗುವುದು 2.8 ಲಕ್ಷ ಲೀಟರ್. ನವೆಂಬರಿನಿಂದ ಮೇ ತನಕ 200 ದಿನ ನೀರು ಕೊಡುವ ಎಕರೆ ಅಡಿಕೆಗೆ ಬೇಕಾದದ್ದು 20 ಲಕ್ಷಕ್ಕೂ ಮೇಲೆ. ಒಂದು ಎಕರೆ ಅಡಿಕೆ ಏಳೆಂಟು ಎಕರೆಗೆ ಇಂಗಿದ ನೀರನ್ನು ಕುಡಿಯುತ್ತದೆ. ಮೂರು ಎಕರೆಯ ಒಡೆಯರು ಒಂದು ಎಕರೆ ಅಡಿಕೆ ಹಾಕಿದರೂ ಅರ್ಧಕ್ಕಿಂತ ಹೆಚ್ಚು ನೀರು ಬೇರೆಯವರ ಹೊಲದಡಿಯದು, ಅಥವಾ ಎಷ್ಟೋ ವರ್ಷದ ಹಿಂದೆ ಇಂಗಿದ್ದು. ಕೋಲಾರ ಜಿಲ್ಲೆಯ ತಾಲ್ಲೂಕುಗಳು ಕೇಂದ್ರ ಅಂತರ್ಜಲ ಮಂಡಳಿಯ ಪಟ್ಟಿಯಲ್ಲಿ ‘ಅತಿಬಳಕೆ’ಯ ಸಾಲಿನಿಂದ ಮೇಲೇಳದೆ ಇರುವುದಕ್ಕೂ, ಸಾವಿರ ಅಡಿ ದಾಟಿದರೂ ಧೂಳು ಬರುವುದಕ್ಕೂ ಈ ಸಣ್ಣ ಗುಣಾಕಾರಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ.

ಹಾಗಾದರೆ ಡ್ರಿಪ್ ಹಾಕಿದ್ದು ಯಾಕೆ ಎಂಬ ಪ್ರಶ್ನೆ ಏಳುವುದು ಸಹಜ. ಹಾಯಿನೀರಿಗೆ ಹೋಲಿಸಿದರೆ ಡ್ರಿಪ್‌ನಲ್ಲಿ ಕಡಿಮೆ ನೀರು ಸಾಕು ಎನ್ನುವುದರಲ್ಲಿ ಅನುಮಾನವಿಲ್ಲ. ಕೂಲಿ ಉಳಿಯುತ್ತದೆ, ಕಳೆ ಕಡಿಮೆ, ಗೊಬ್ಬರ ನೇರ ಬೇರಿಗೆ. ಆದರೆ ಒಂದು ಎಕರೆಯಲ್ಲಿ ಉಳಿದ ನೀರು ಬೋರಿನಲ್ಲೇ ಉಳಿಯಿತೇ, ಇಲ್ಲ ಪಕ್ಕದ ಅರ್ಧ ಎಕರೆಗೆ ಹರಿಯಿತೇ ಎಂಬುದನ್ನು ಯಾರೂ ಕೇಳುವುದಿಲ್ಲ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಕ್ವೆಂಟಿನ್ ಗ್ರಾಫ್ಟನ್ ಮತ್ತು ಸಂಗಡಿಗರು ಹಲವು ದೇಶಗಳ ಅನುಭವ ಮುಂದಿಟ್ಟು ಇದನ್ನೇ ಹೇಳಿದರು: ನೀರಾವರಿಯ ದಕ್ಷತೆ ಹೆಚ್ಚಿದ ಮಾತ್ರಕ್ಕೆ ನದಿಗೂ ಅಂತರ್ಜಲಕ್ಕೂ ನೀರು ಉಳಿಯುವುದಿಲ್ಲ, ಬಳಕೆಗೆ ಮಿತಿ ಇಲ್ಲದಿದ್ದರೆ ಒಟ್ಟು ಬಳಕೆ ಹೆಚ್ಚುವುದೂ ಉಂಟು. ಹಾಯಿನೀರಿನಲ್ಲಿ ಪೋಲಾಯಿತೆಂದು ನಾವು ಬೈದುಕೊಂಡ ನೀರಿನ ಒಂದು ಪಾಲು ಮತ್ತೆ ನೆಲಕ್ಕೆ ಇಂಗುತ್ತಿತ್ತು. ಡ್ರಿಪ್‌ನ ಹನಿಯನ್ನು ಗಿಡ ಹೆಚ್ಚುಕಡಿಮೆ ಪೂರ್ತಿ ಕುಡಿದು ಗಾಳಿಗೆ ಬಿಡುತ್ತದೆ. ಹಾಗೆಂದು ಡ್ರಿಪ್ ಕಿತ್ತುಹಾಕಿ ಎಂದಲ್ಲ. ಎಕರೆಯ ಮಿತಿ ಹಾಕಿಕೊಂಡವರ ಕೈಯಲ್ಲಿ ಅದು ನೀರು ಉಳಿಸುತ್ತದೆ, ಹಾಕಿಕೊಳ್ಳದವರ ಕೈಯಲ್ಲಿ ತೋಟ ಹಿಗ್ಗಿಸುತ್ತದೆ.

ಡ್ರಿಪ್ ಇದ್ದ ತೋಟದಲ್ಲೂ ನೀರು ಹೇಗೆ ಪೋಲಾಗುತ್ತದೆ ಎನ್ನುವುದಕ್ಕೆ ಮೋಟರ್ ಮನೆಯ ಗೋಡೆಯಲ್ಲಿರುವ ಆಟೊ ಸ್ಟಾರ್ಟರ್ ಸಾಕ್ಷಿ. ಕರೆಂಟು ಬಂದಾಗ ಮೋಟರ್ ತಾನೇ ಶುರು, ಹೋದಾಗ ತಾನೇ ಬಂದ್. 10 ಎಚ್‌ಪಿವರೆಗೆ ವಿದ್ಯುತ್ ಉಚಿತವಾದ್ದರಿಂದ ನಿಲ್ಲಿಸಬೇಕೆಂಬ ಒತ್ತಡವೂ ಇಲ್ಲ. ಮರಕ್ಕೆ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್ ಇದ್ದರೆ 20 ಲೀಟರಿಗೆ ಬೇಕಾದದ್ದು ಎರಡೂವರೆ ಗಂಟೆ. ಒಂದೇ ವಾಲ್ವ್ ತೆರೆದಿಟ್ಟು ಏಳು ಗಂಟೆ ಬಿಟ್ಟರೆ 56 ಲೀಟರ್. ಆದ್ದರಿಂದ ಮೊದಲು ಮಾಡಬೇಕಾದ ಖರ್ಚು ಟೈಮರ್ ಇರುವ ಸ್ಟಾರ್ಟರಿನದು. ಗಂಟೆಗೆ 3,000 ಲೀಟರಿನ ಬೋರಿಗೆ ಎಕರೆಯಿಡೀ ಒಮ್ಮೆಗೇ ಎಳೆಯಲಾಗದು, ಅದಕ್ಕೆ 4,400 ಬೇಕು. ಗೇಟ್ ವಾಲ್ವ್ ಹಾಕಿ ಎರಡು ಭಾಗ ಮಾಡಿ, ಒಂದೊಂದಕ್ಕೆ ಎರಡೂವರೆ ಗಂಟೆ ಕೊಟ್ಟರೆ ಐದು ಗಂಟೆಗೆ ಸರಿಹೋಗುತ್ತದೆ. ತಿಂಗಳಿಗೊಮ್ಮೆ ಲ್ಯಾಟರಲ್‌ನ ಮೊದಲ ಡ್ರಿಪ್ಪರಿಗೂ ಕೊನೆಯದಕ್ಕೂ ಒಂದೊಂದು ಲೋಟ ಇಟ್ಟು ಕಾಲು ಗಂಟೆ ಕಾಯಬೇಕು. ಎರಡರಲ್ಲೂ ಹತ್ತಿರ ಹತ್ತಿರ ಒಂದು ಲೀಟರ್ ಇರಬೇಕು (ಲೋಟ ದೊಡ್ಡದೇ ಇರಲಿ). ಕೊನೆಯದರಲ್ಲಿ ಅರ್ಧವಿದ್ದರೆ ಫಿಲ್ಟರ್ ಕಟ್ಟಿದೆ, ಅಥವಾ ಗಡಸು ನೀರಿನ ಸುಣ್ಣ ಕೂತಿದೆ. ಕೊನೆಯ ಗಿಡ ಬಾಡಿದ್ದು ಕಂಡು ಇಡೀ ತೋಟಕ್ಕೆ ಒಂದು ಗಂಟೆ ಹೆಚ್ಚು ಬಿಡುವವರು ಫಿಲ್ಟರ್ ತೊಳೆದಿದ್ದರೆ ಸಾಕಿತ್ತು. ಬುಡಕ್ಕೆ ಗರಿ, ತೆಂಗಿನ ಸಿಪ್ಪೆ, ರವದಿ ಏನಾದರೂ ಮುಚ್ಚಿ. ಗೇಣುದ್ದ ಕೆಳಗಿನ ಮಣ್ಣು ತೆಗೆದು ಹಿಡಿಯಲ್ಲಿ ಅದುಮಿದಾಗ ಉಂಡೆ ನಿಂತರೆ ಆ ದಿನ ನೀರು ಬೇಕಿಲ್ಲ.

ಇಂಗಿಸುವ ಕೆಲಸಕ್ಕೆ ಬಂದರೆ, ಬದು ಹಾಕಿ ಹರಿದುಹೋಗುವ ನೀರನ್ನು ಹೊಲದಲ್ಲೇ ನಿಲ್ಲಿಸುವುದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ. ಕೃಷಿ ಹೊಂಡದ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಬೇಕು. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯ ಹೊಂಡಗಳು ಮಳೆನೀರು ಹಿಡಿದು, ಮಳೆ ಕೈಕೊಟ್ಟ ವಾರದಲ್ಲಿ ರಾಗಿ, ಶೇಂಗಾಕ್ಕೆ ಒಂದು ನೀರು ಕೊಡಲೆಂದು ಹೊರಟವು. ಮೇಲೆ 12 ಮೀಟರ್ ಉದ್ದ ಅಗಲ, 3 ಮೀಟರ್ ಆಳ, ಇಳಿಜಾರು ಗೋಡೆಯ ಹೊಂಡದಲ್ಲಿ ಹಿಡಿಯುವುದು ಸುಮಾರು 2.5 ಲಕ್ಷ ಲೀಟರ್. ಎರಡು ಎಕರೆಗೆ ಒಂದೊಂದಿಂಚು ನೀರು ಕೊಟ್ಟು ಮಿಗುತ್ತದೆ. ಅದೇ ಹೊಂಡಕ್ಕೆ ಬೋರಿನ ನೀರನ್ನು ಎತ್ತಿ ತುಂಬಿಸಿ, ಬೇಸಿಗೆಯಿಡೀ ತೆರೆದಿಟ್ಟರೆ? ದಿನಕ್ಕೆ 6 ಮಿ.ಮೀ. ಆವಿಯಾದರೂ 860 ಲೀಟರ್, ಎರಡು ತಿಂಗಳಿಗೆ ಅರ್ಧ ಲಕ್ಷ. ನೂರಾರು ಅಡಿ ಕೆಳಗೆ ತಂಪಾಗಿ, ಮುಚ್ಚಿದ ಜಾಗದಲ್ಲಿದ್ದ ನೀರನ್ನು ಬಿಸಿಲಿಗೆ ತಂದಿಟ್ಟು ಐದರಲ್ಲೊಂದು ಪಾಲು ಕಳೆದುಕೊಂಡಂತೆ. ಬೋರಿಗೆ ಮರುಪೂರಣ ಮಾಡುವವರು ಫೇಲಾದ ಬೋರಿನಿಂದ ಶುರುಮಾಡಲಿ. ಕೇಸಿಂಗ್ ಸುತ್ತ ಗುಂಡಿ ತೆಗೆದು, ಪೈಪಿಗೆ ರಂಧ್ರ ಹಾಕಿ ಜಾಲರಿ ಸುತ್ತಿ, ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು ತುಂಬಬೇಕು. ಗುಂಡಿಗೆ ಬರುವ ಮೊದಲೇ ಹೂಳು ಇಳಿಯಲು ಇನ್ನೊಂದು ಸಣ್ಣ ಗುಂಡಿ ಬೇಕು. ಔಷಧಿ ಹೊಡೆದ ಹೊಲದ ನೀರನ್ನಾಗಲಿ ಕೊಟ್ಟಿಗೆಯ ನೀರನ್ನಾಗಲಿ ಬೋರಿಗೆ ಇಳಿಸಿದರೆ ಊರಿನ ಕುಡಿಯುವ ನೀರು ಕೆಡುತ್ತದೆ. ಮರುಪೂರಣಕ್ಕೆ ಬಳಸದ ಬೋರಿದ್ದರೆ ಅದಕ್ಕೆ ಗಟ್ಟಿ ಮುಚ್ಚಳ ಹಾಕುವುದು ಮಕ್ಕಳ ಜೀವದ ಪ್ರಶ್ನೆ, ಅದನ್ನು ನಾಳೆಗೆ ಬಿಡಬಾರದು.

ಹಾಲಿನ ಲೆಕ್ಕವೂ ಇದರಲ್ಲೇ ಬರುತ್ತದೆ. ಸೀಮೆಹಸುವೊಂದು ಬೇಸಿಗೆಯಲ್ಲಿ ದಿನಕ್ಕೆ ಕುಡಿಯುವುದು ನೂರು ಲೀಟರಿನ ಒಳಗೆ. ಅದರ ಬಾಯಿಗೆ ಹೋಗುವ ಹಸಿರು ಮೇವು ಕುಡಿಯುವುದೇ ಹೆಚ್ಚು. ನೇಪಿಯರ್ ಹುಲ್ಲಿಗೆ ವರ್ಷಕ್ಕೆ 1,200 ಮಿ.ಮೀ. ನೀರು, ಹೆಕ್ಟೇರಿಗೆ 150 ಟನ್ ಇಳುವರಿ ಎಂದುಕೊಂಡರೆ ಕಿಲೋಗೆ 80 ಲೀಟರ್. ದಿನಕ್ಕೆ 25 ಕಿಲೋ ಹಾಕುವ ಹಸುವಿನ ಹೆಸರಿಗೆ 2,000 ಲೀಟರ್. ಅದರಲ್ಲಿ ಒಂದು ಪಾಲು ಮಳೆ ಕೊಡುತ್ತದೆ, ನಿಜ. ಆದರೂ ಕೊಟ್ಟಿಗೆ ತೊಳೆಯುವ ನೀರಿನ ಮಿತವ್ಯಯದ ಬಗ್ಗೆ ಉಪದೇಶ ಮಾಡುವುದಕ್ಕಿಂತ, ಮಳೆಗಾಲದ ಜೋಳ, ಮುಸುಕಿನ ಜೋಳದ ಮೇವನ್ನು ರಸಮೇವು ಮಾಡಿ ಬೇಸಿಗೆಗೆ ಇಟ್ಟುಕೊಳ್ಳುವುದು, ರಾಗಿ ಹುಲ್ಲನ್ನು ಮಾರದೆ ಉಳಿಸಿಕೊಳ್ಳುವುದು ಎಷ್ಟೋ ಪಾಲು ದೊಡ್ಡ ಉಳಿತಾಯ. ತೊಳೆದ ನೀರನ್ನು ಮೇವಿನ ಮಡಿಗೆ ತಿರುಗಿಸುವುದನ್ನು ನಮ್ಮ ಹೆಣ್ಣುಮಕ್ಕಳು ಯಾರ ಉಪದೇಶಕ್ಕೂ ಕಾಯದೆ ಮಾಡುತ್ತಲೇ ಬಂದಿದ್ದಾರೆ.

ಅಡಿಕೆಯ ಎಕರೆ ಇಳಿಸಿ ಎಂದಾಗ ಏಳುವ ‘ರಾಗಿ ಬೆಳೆದು ಮಕ್ಕಳನ್ನು ಓದಿಸಲು ಆಗುತ್ತದಾ?’ ಎಂಬ ಆಕ್ಷೇಪಕ್ಕೆ ಲಘುವಾದ ಉತ್ತರ ಕೊಡಬಾರದು. 2025–26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಎಕರೆಗೆ ಎಕರೆ ಹೋಲಿಸಿದರೆ ಅಡಿಕೆಯ ಮುಂದೆ ಅದು ನಿಲ್ಲುವುದಿಲ್ಲ. ಆದರೆ ಬಯಲುಸೀಮೆಯಲ್ಲಿ ಕೊರತೆ ಇರುವುದು ಎಕರೆಗೆ ಅಲ್ಲ, ನೀರಿಗೆ. ಹೋಲಿಸಬೇಕಾದದ್ದು ಸಾವಿರ ಲೀಟರಿಗೆ ಎಷ್ಟು ಬಂತು ಎಂದು. ಎಕರೆ ಅಡಿಕೆಗೆ ವರ್ಷಕ್ಕೆ ಹೋಗುವ 20 ಲಕ್ಷ ಲೀಟರ್ ನೀರಿನಲ್ಲಿ, ತೆನೆ ಕಟ್ಟುವಾಗ ಒಣಗುವ ರಾಗಿಗೆ ಒಂದಿಂಚಿನಂತೆ 20 ಎಕರೆಗೆ ನೀರು ಕೊಡಬಹುದು. ಇನ್ನೊಂದು ಮಾತು, ಇದು ಬೆಲೆಗಿಂತ ದೊಡ್ಡದು ಎಂದು ನನ್ನ ಎಣಿಕೆ: ನೀರಿಲ್ಲದೆ ಬಿಟ್ಟರೆ ಅಡಿಕೆ ಸಾಯುತ್ತದೆ, ಬರದ ವರ್ಷವೂ ಅದು ನೀರಿಗೆ ಕೈಚಾಚುತ್ತದೆ. ಟೊಮೆಟೊ, ಬೀನ್ಸ್, ಹೂವನ್ನು ಮಳೆ ಬಾರದ ವರ್ಷ ಹಾಕದೇ ಇರಬಹುದು. ಅಡಿಕೆಯನ್ನು ಒಂದು ಬೇಸಿಗೆ ರಜೆ ಮೇಲೆ ಕಳಿಸಲಾಗದು. ಹಿಪ್ಪುನೇರಳೆಯನ್ನು ಬುಡ ಕತ್ತರಿಸಿ ಮಲಗಿಸಿದರೆ ಮಳೆಗೆ ಮತ್ತೆ ಚಿಗುರುತ್ತದೆ. ಆದ್ದರಿಂದ ಬಹುವಾರ್ಷಿಕ ಬೆಳೆಯ ವಿಸ್ತೀರ್ಣವನ್ನು ಏಪ್ರಿಲ್‌ನ ನೀರಿಗೆ ಕಟ್ಟಿಹಾಕಿ, ಅಕ್ಟೋಬರಿನಲ್ಲಿ ಹೆಚ್ಚಿರುವ ನೀರಿಗೆ ಮೂರು ತಿಂಗಳ ತರಕಾರಿ ಹಾಕಿ, ಉಳಿದ ನೆಲವನ್ನು ಮಳೆಯಾಶ್ರಿತ ರಾಗಿ, ತೊಗರಿ, ಹುರುಳಿಗೆ ಬಿಡುವುದು ಲೆಕ್ಕಕ್ಕೆ ನಿಲ್ಲುವ ವ್ಯವಸ್ಥೆ.

ಇದೆಲ್ಲದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ‘ನಾನು ಬಿಟ್ಟ ನೀರನ್ನು ಪಕ್ಕದ ಹೊಲದವರು ಎಳೆದುಕೊಳ್ಳುತ್ತಾರೆ.’ ಇದು ಸುಳ್ಳಲ್ಲ. ಆದರೆ ಎರಡು ವಿಷಯ ಗಮನಿಸಬೇಕು. ಒಂದು, ಏಪ್ರಿಲ್ ಲೆಕ್ಕದ ಮಿತಿಯಿಂದ ಮೊದಲು ಉಳಿಯುವುದು ಮಿತಿ ಹಾಕಿಕೊಂಡವರ ಸಾಲ. ಪಕ್ಕದವರು ಏನೇ ಮಾಡಲಿ, ಒಂದು ಎಕರೆ ತೋಟಕ್ಕೆ ಟ್ಯಾಂಕರ್ ತರಿಸುವ ಖರ್ಚು ಮೂರು ಎಕರೆಯದಕ್ಕಿಂತ ಕಡಿಮೆಯೇ. ಎರಡು, ಒಟ್ಟಾಗಿ ಲೆಕ್ಕ ಹಾಕಿದ ಊರುಗಳು ನಮ್ಮ ಪಕ್ಕದಲ್ಲೇ ಇವೆ. ಅನಂತಪುರ, ಚಿತ್ತೂರು ಸೇರಿದಂತೆ ಆಗಿನ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳ ಆರುನೂರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಒಂದು ಯೋಜನೆಯಡಿ ರೈತರೇ ಮಳೆ ಅಳೆದು, ಬೋರಿನ ಮಟ್ಟ ಅಳೆದು, ಹಿಂಗಾರಿಗೆ ಮೊದಲು ಸಭೆ ಸೇರಿ ಇರುವ ನೀರು ಇಷ್ಟು, ಬೆಳೆಗೆ ಬೇಕಾದದ್ದು ಇಷ್ಟು ಎಂದು ಗೋಡೆಯ ಮೇಲೆ ಬರೆದರು. ಯಾರ ಮೇಲೂ ಕಟ್ಟುಪಾಡು ಹೇರಲಿಲ್ಲ, ದಂಡವಿರಲಿಲ್ಲ. ಆದರೂ ಹಲವೆಡೆ ಭತ್ತ ಕಡಿಮೆಯಾಗಿ ನೀರೆತ್ತುವುದು ತಗ್ಗಿತು. ಯೋಜನೆಯ ಹಣ ನಿಂತ ಮೇಲೆ ಅನೇಕ ಕಡೆ ಅಭ್ಯಾಸ ಸಡಿಲಾಯಿತು ಎಂಬುದನ್ನೂ ಹೇಳಬೇಕು. ಮಹಾರಾಷ್ಟ್ರದ ಹಿವರೆ ಬಾಜಾರ್ ಗಟ್ಟಿಯಾಗಿ ನಿಂತಿದ್ದು ಕಟ್ಟುಪಾಡಿನಿಂದ. 1989ರಲ್ಲಿ ಸರಪಂಚರಾದ ಪೋಪಟರಾವ್ ಪವಾರ್ ಅವರ ಮುಂದಾಳತ್ವದಲ್ಲಿ ಆ ಊರು ಬೇಸಾಯಕ್ಕೆ ಬೋರ್ ಕೊರೆಯುವುದನ್ನೇ ಬಿಟ್ಟಿತು, ಕಬ್ಬು–ಬಾಳೆಗೆ ತಡೆ ಹಾಕಿತು, ವರ್ಷ ವರ್ಷ ಮಳೆಯ ಲೆಕ್ಕ ನೋಡಿ ಹಿಂಗಾರಿನ ಬೆಳೆ ತೀರ್ಮಾನಿಸುತ್ತದೆ. ಕರ್ನಾಟಕವೂ ಸೇರಿ ಏಳು ರಾಜ್ಯಗಳಿಗೆ 2019ರಲ್ಲಿ ಬಂದ ಅಟಲ್ ಭೂಜಲ ಯೋಜನೆಯ ತಿರುಳೂ ಗ್ರಾಮ ಪಂಚಾಯಿತಿ ಮಟ್ಟದ ಈ ಲೆಕ್ಕವೇ. ಒಂದೇ ಕೆರೆಯ ಅಚ್ಚುಕಟ್ಟಿನ ಸುತ್ತ ಐದಾರು ಬೋರಿನವರು ಸೇರಿ ಏಪ್ರಿಲ್‌ನ ಅಳತೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಸರ್ಕಾರದ ಯೋಜನೆಗೆ ಕಾಯಬೇಕಾಗಿಯೂ ಇಲ್ಲ. ಮೋಟರ್ ಮೇಲೆತ್ತಿದಾಗ ಕಾಲಮ್ ಪೈಪಿನ ಜೊತೆಗೆ ಅರ್ಧ ಇಂಚಿನ ಖಾಲಿ ಪೈಪೊಂದನ್ನು ಇಳಿಸಿಟ್ಟರೆ, ಅದರೊಳಗೆ ದಾರ ಬಿಟ್ಟು ನೀರಿನ ಮಟ್ಟವನ್ನು ಯಾವಾಗ ಬೇಕಾದರೂ ನೋಡಬಹುದು.

ಕೊನೆಗೆ ಉಳಿಯುವುದು ಹೊರಗಿನ ನೀರಿನ ಆಸೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆ; ಕೆರೆ ತುಂಬಿದ ಕಡೆ ಬೋರುಗಳು ಚೇತರಿಸಿಕೊಂಡಿವೆ. ಎರಡು ಹಂತ ಶುದ್ಧೀಕರಿಸಿದ್ದು ಸಾಲದು, ಮೂರನೆಯ ಹಂತವೂ ಬೇಕು ಎಂಬ ಒತ್ತಾಯದಲ್ಲಿ ನ್ಯಾಯವಿದೆ. 2014ರಲ್ಲಿ ಶಂಕುಸ್ಥಾಪನೆಯಾದ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ, ಅದೂ ಮುಖ್ಯವಾಗಿ ಕುಡಿಯುವ ನೀರಿಗೆ ಮತ್ತು ಕೆರೆಗಳಿಗೆ. ಇಂಥ ನೀರು ಬಂದ ಊರಲ್ಲಿ ತಪ್ಪು ಮಾಡುವುದು ಇನ್ನೂ ಸುಲಭ, ಏಕೆಂದರೆ ಬೋರು ತುಂಬಿದ ವರ್ಷವೇ ನರ್ಸರಿಯ ಗಾಡಿಗಳೂ ಬರುತ್ತವೆ. ಅಲ್ಲಿ ಪಾಲಿಸಬೇಕಾದದ್ದು ಇಷ್ಟು: ಹೊಸ ನೀರು ಕಂಡ ಮೇಲೆ ಎರಡು ಏಪ್ರಿಲ್‌ಗಳ ಅಳತೆ ಕೈಯಲ್ಲಿರುವ ತನಕ ಒಂದು ಸಸಿಯನ್ನೂ ಇಡಬೇಡಿ, ಎರಡರಲ್ಲಿ ಕಡಿಮೆ ಬಂದದ್ದನ್ನು ಲೆಕ್ಕಕ್ಕೆ ಹಿಡಿಯಿರಿ, ಆಗಲೂ ಮೊದಲ ಸಲಕ್ಕೆ ಅರ್ಧ ಎಕರೆ ಸಾಕು. ಬೋರೇ ಹೊಸದಾಗಿ ಬೇಕೆನ್ನುವವರು 2011ರ ಅಂತರ್ಜಲ ಕಾಯ್ದೆಯಡಿ ಅಧಿಸೂಚಿತ ತಾಲ್ಲೂಕುಗಳಲ್ಲಿ ಅನುಮತಿ ಪಡೆದೇ ಕೊರೆಸಬೇಕು. ಆ ಅರ್ಜಿ ಬರೆಯುವ ಮೊದಲು ಇರುವ ಬೋರಿನ ಸ್ಟಾರ್ಟರಿಗೆ ಟೈಮರ್ ಹಾಕಿ ಒಂದು ಬೇಸಿಗೆ ನೋಡಬಹುದು.